ತೊಳೆಯದೆ ಉಳಿದ ಕಲ್ಲು

"ಕೈ ತಗೀರಿ!"

ಮಯೂರಿ ಬೆಚ್ಚಿಬಿದ್ದು ಕೈ ಹಿಂದಕ್ಕೆಳೆದುಕೊಂಡಳು. ಚಹಾದ ಕಪ್ಪನ್ನು ತುಟಿಗೆ ಒಯ್ಯುತ್ತಿದ್ದ ಅವಳ ಅಪ್ಪ ಸತ್ಯಬೋಧ ಮಾಸ್ತರರು ಅರ್ಧಕ್ಕೇ ನಿಲ್ಲಿಸಿದರು.

ಕೂಗಿದವನು ಬೇರೆ ಯಾರೂ ಅಲ್ಲ. ಅವಳು ಮದುವೆಯಾಗಬೇಕಿದ್ದ ಹುಡುಗ, ಕೇದಾರ.

ಹೆಣ್ಣಿನ ಕಡೆಯವರು ಬಾದಾಮಿಯಿಂದ ಬಾಗಲಕೋಟೆಯ ನವನಗರಕ್ಕೆ ಮನೆ ನೋಡಲು ಬಂದಿದ್ದ ದಿನ ಅದು. ಹುಡುಗ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಮನೆಯಲ್ಲಿ ಅವನು, ಅವನ ತಾಯಿ ತುಳಸೀಬಾಯಿ, ಇಬ್ಬರೇ. ಎಲ್ಲವೂ ಸರಿಯಾಗಿತ್ತು. ಹಾಲ್‌ನಲ್ಲಿ ಟಿವಿ ಇರಬೇಕಾದ ಜಾಗದಲ್ಲಿ ಮಾತ್ರ ದೊಡ್ಡದೊಂದು ಗಾಜಿನ ತೊಟ್ಟಿ. ಒಳಗೆ ಉಪ್ಪುನೀರು, ಕಲ್ಲುಗಳು, ಬಣ್ಣದ ಮೀನುಗಳು. ಸಮುದ್ರ ಎಲ್ಲಿ, ಬಾಗಲಕೋಟೆ ಎಲ್ಲಿ! ಬೆರಗಾದ ಮಯೂರಿ ಬೆರಳಿನಿಂದ ಗಾಜು ತಟ್ಟಿದ್ದಳು, ಅಷ್ಟೇ.

ಕೇದಾರ ಓಡಿಬಂದು ತೊಟ್ಟಿಯ ಮುಂದೆ ಬಗ್ಗಿದ.

"ಏನಾಗಿಲ್ಲ... ಅಂಜಬ್ಯಾಡ್ರಿ... ಏನಾಗಿಲ್ಲ..."

ಅವಳಿಗಲ್ಲ, ಮೀನುಗಳಿಗೆ!

ಬೇರೆ ಯಾರಾದರೂ ಆಗಿದ್ದರೆ ಚಹಾ ಅಲ್ಲೇ ಇಟ್ಟು ಎದ್ದು ಬರುತ್ತಿದ್ದರು. ನಮ್ಮ ಮಯೂರಿ ಏನು ಮಾಡಿದಳು ಗೊತ್ತೆ? ಆ ದನಿ ಕೇಳಿ ಕರಗಿಹೋದಳು.

'ಮೀನಿನ ಜೋಡಿನೇ ಇಷ್ಟು ಮೆತ್ತಗ ಮಾತಾಡ್ತಾರ. ಹೆಂಡತಿ ಜೋಡಿ ಇನ್ನೆಷ್ಟು ಮೆತ್ತಗ ಮಾತಾಡಬಹುದು!'

ಹುಚ್ಚಿ! ಅದನ್ನೇ ನಂಬಿ ಅವಳು ಹೂಂ ಅಂದಳು.

*

ಮೇ ತಿಂಗಳಲ್ಲಿ ಮದುವೆಯಾಯಿತು.

ಕೇದಾರ ಕೆಟ್ಟವನಲ್ಲ. ಬೈಯಲಿಲ್ಲ, ಕೈ ಎತ್ತಲಿಲ್ಲ, ಅವಳ ಸಂಬಳ ಕೇಳಲಿಲ್ಲ. ಆದರೆ ಮಾತು? ಅಯ್ಯೋ ದೇವರೇ!

"ಊಟ ಆತೇನು?"

"ಆತು."

"ಬಸ್ ಸಿಕ್ತೇನು?"

"ಸಿಕ್ತು."

ಮುಗಿಯಿತು! ಮಯೂರಿ ಹುನಗುಂದದ ಸಾಲಿಯೊಂದರಲ್ಲಿ ಟೀಚರು. ದಿನವೂ ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಿದ್ದಳು. ಸಂಜೆ ಸುಸ್ತಾಗಿ ಮನೆಗೆ ಬಂದರೆ ಗಂಡ ತೊಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದ. ನೀರಿನ ಉಪ್ಪು ಎಷ್ಟಿದೆ, ಬಿಸಿ ಎಷ್ಟಿದೆ ಎಂದು ನೋಡುತ್ತ ಮೀನುಗಳ ಜೊತೆ ಗುಸುಗುಸು ಮಾತಾಡುತ್ತಿದ್ದ.

'ನಾನೂ ಒಂದು ಮೀನಾಗಿ ಹುಟ್ಟಬೇಕಾಗಿತ್ತು...' ಎಂದು ಅವಳಿಗೆ ಎಷ್ಟೋ ಸಲ ಅನಿಸಿತು.

ಡಿಸೆಂಬರಿನಲ್ಲಿ ಅವಳ ಹೊಟ್ಟೆಯಲ್ಲಿದ್ದ ಮೂರು ತಿಂಗಳ ಕೂಸು ಹೋಯಿತು.

ಬಸ್ಸಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಆದರೆ ತುಳಸೀಬಾಯಿ ದವಾಖಾನೆಯ ಮೆಟ್ಟಿಲಲ್ಲೇ ಅಂದುಬಿಟ್ಟರು.

"ದಿನಾ ಆ ಬಸ್ಸಿನ್ಯಾಗ ಧಡಕಿ ತಿಂದ್ರ ಮತ್ತೇನಾಗ್ತದವಾ..."

ಡಾಕ್ಟರ ಮಾತು ಮಯೂರಿಯ ಕಿವಿಯಲ್ಲಿ ನಿಲ್ಲಲಿಲ್ಲ. ಅತ್ತೆಯ ಮಾತು ನಿಂತಿತು. 'ನಾನೇ ಕಳಕೊಂಡೆ. ನನ್ನ ಕೈಯಾರೆ ಕಳಕೊಂಡೆ...'

ಕೇದಾರ ಇಡೀ ದಿನ ಅವಳ ಮಂಚದ ಪಕ್ಕ ಕೂತಿದ್ದ. ಕಿತ್ತಳೆ ಸುಲಿದ. ಒಂದೊಂದೇ ತೊಳೆಯ ನಾರು ತೆಗೆದ. ಅವಳ ಕೈಗೆ ಕೊಟ್ಟ. ಒಂದೇ ಒಂದು ಮಾತಾಡಲಿಲ್ಲ! ಅವನು ಕೊಟ್ಟ ತೊಳೆಗಳನ್ನೆಲ್ಲ ಮಯೂರಿ ತಟ್ಟೆಯಲ್ಲೇ ಬಿಟ್ಟಳು.

*

ಸಂಕ್ರಮಣ ಕಳೆದ ಮೇಲೆ ಒಂದು ದಿನ ಕೇದಾರ ಥರ್ಮಾಕೋಲಿನ ಡಬ್ಬಿ ಹೊತ್ತು ಬಂದ.

"ಇವು ನಿನಗ" ಎಂದ.

ಒಳಗೆ ನೀರು ತುಂಬಿದ ಎರಡು ಪ್ಲಾಸ್ಟಿಕ್ ಚೀಲ. ಎರಡರಲ್ಲೂ ಒಂದೊಂದು ಕಿರುಬೆರಳುದ್ದದ ಮೀನು. ಕಡುನೀಲಿ ಮೈ, ಮೈತುಂಬ ಕಿತ್ತಳೆ ಮತ್ತು ಹಸಿರಿನ ಸುರುಳಿ ಗೆರೆಗಳು!

"ಅಯ್ಯ, ಗುಳೇದಗುಡ್ಡದ ಕುಪ್ಪಸದ ಖಣದ್ಹಂಗ ಅವಲ್ರೀ!" ಎಂದು ಮಯೂರಿ ಕೂಗಿಯೇ ಬಿಟ್ಟಳು. ಡಿಸೆಂಬರಿನ ನಂತರ ಅವಳು ದನಿ ಎತ್ತಿ ಆಡಿದ ಮೊದಲ ಮಾತು ಅದು.

"ಮ್ಯಾಂಡರಿನ್ ಅಂತಾರ ಇವಕ್ಕ. ಜೋಡಿ. ಮುಂಬೈಯಿಂದ ತರಿಸೇನಿ. ಬೆನ್ನಮ್ಯಾಲ ಉದ್ದ ಕಡ್ಡಿ ಎದ್ದದ ನೋಡು, ಅದು ಗಂಡು. ಇದು ಹೆಣ್ಣು."

ಇಷ್ಟುದ್ದ ಮಾತು! ಮಯೂರಿ ಮೀನು ನೋಡುವುದು ಬಿಟ್ಟು ಗಂಡನ ಮುಖ ನೋಡಿದಳು.

ಆ ಮೀನುಗಳಿಗೊಂದು ಪದ್ಧತಿ ಇತ್ತು. ಹಗಲೆಲ್ಲ ಕಲ್ಲುಗಳ ಮೇಲೆ ಏನನ್ನೋ ಕುಟುಕುತ್ತ ಅಡ್ಡಾಡುತ್ತಿದ್ದವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಗಂಡು ಹೆಣ್ಣಿನ ಪಕ್ಕಕ್ಕೆ ಬರುತ್ತಿತ್ತು. ಮೈಗೆ ಮೈ ತಾಗಿಸಿಕೊಂಡು ಎರಡೂ ಮೆಲ್ಲಗೆ ಮೇಲೇರುತ್ತಿದ್ದವು. ನೀರಿನ ಅಂಚಿನವರೆಗೆ ಹೋಗಿ, ಅಲ್ಲಿ ಒಂದು ಗಳಿಗೆ ನಿಂತು, ಫಟ್ಟನೆ ಬೇರೆಯಾಗಿ ಕೆಳಗಿಳಿಯುತ್ತಿದ್ದವು.

ಮಯೂರಿ ದೇವರ ಮುಂದೆ ದೀಪ ಹಚ್ಚಿ ಬಂದು ಗಂಡನ ಪಕ್ಕ ನೆಲದ ಮೇಲೆ ಕೂರತೊಡಗಿದಳು. ಇಬ್ಬರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

"ಬಂತು ನೋಡು... ಬಂತು..."

"ಶ್! ಮಾತಾಡಬ್ಯಾಡ್ರಿ, ಅಂಜತಾವ!"

ನೋಡಿ, ಮಾತಾಡಬೇಡಿ ಎಂದು ಹೆಂಡತಿ ಗಂಡನಿಗೆ ಹೇಳುವ ಕಾಲ ಬಂತು! ಒಂದು ಸಂಜೆ ಅವಳಿಗೆ ತಿಳಿಯದಂತೆಯೇ ಅವಳ ತಲೆ ಅವನ ಭುಜಕ್ಕೆ ಒರಗಿತು. ಅವನು ಅಲ್ಲಾಡಲಿಲ್ಲ. ಕಾಲಿಗೆ ಜೋಮು ಹಿಡಿದರೂ ಅಲ್ಲಾಡಲಿಲ್ಲ.

ಆ ಮನೆಯಲ್ಲಿ ಮಯೂರಿ ಸುಖವಾಗಿದ್ದ ದಿನಗಳೆಂದರೆ ಅವೇ.

*

ಯುಗಾದಿಗೆ ಮೊದಲು ಕೇದಾರ ಪರೀಕ್ಷೆಯ ಪೇಪರು ತಿದ್ದಲು ಧಾರವಾಡಕ್ಕೆ ಹೋದ. ಇಲ್ಲಿ ಅತ್ತೆ ಸೊಸೆ ಹಬ್ಬಕ್ಕೆ ಮನೆ ಬಳಿಯತೊಡಗಿದರು. ಜೇಡರ ಬಲೆ ಹೊಡೆದು, ಪಾತ್ರೆ ತಿಕ್ಕಿ, ಹಾಸಿಗೆ ಬಿಸಿಲಿಗೆ ಹಾಕಿ ತುಳಸೀಬಾಯಿ ತೊಟ್ಟಿಯ ಮುಂದೆ ಬಂದು ನಿಂತರು. ಕಣ್ಣು ಕಿರಿದು ಮಾಡಿ ನೋಡಿದರು.

"ಅಯ್ಯ, ಏನಿದು ಅಸಹ್ಯ! ಕಲ್ಲಿನ ತುಂಬ ಪಾಚಿ ಕಟ್ಟೇದ. ಬೆಳ್ಳಗ ಹುಳಾ ಹರದಾಡ್ಲಿಕ್ಕೆ ಹತ್ತಾವ ನೋಡು! ದೇವರ ಮನಿ ಎದುರಿಗೇ ಹುಳಾ ಸಾಕ್ಯಾನಲ್ಲ ಇವ!"

ಮಯೂರಿಯೂ ಬಗ್ಗಿ ನೋಡಿದಳು. ಹೌದು, ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿಗಳು ಕಲ್ಲಿನ ಮೇಲೆ ಪುಟುಪುಟು ಓಡಾಡುತ್ತಿದ್ದವು.

'ಪಾಪ, ಈ ಹೊಲಸಿನ್ಯಾಗ ಅವಲ್ಲ ನನ್ನ ಮೀನು! ಇವರು ಬರೂದ್ರೊಳಗ ಎಲ್ಲಾ ಫಳಫಳ ಅನಸ್ತೇನಿ. ಖುಷಿ ಆಗ್ತಾರ!'

ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೊಂದೇ ಕಲ್ಲು ಹಿತ್ತಿಲಿಗೆ ಒಯ್ದಳು. ನಳದ ಕೆಳಗೆ ಹಿಡಿದು ಬ್ರಶ್ಶಿನಿಂದ ಗಸಗಸ ತಿಕ್ಕಿದಳು. ಮೂಲೆಯಲ್ಲಿದ್ದ ದೊಡ್ಡ ಕಲ್ಲನ್ನು ಮಾತ್ರ ಎತ್ತಲಾಗಲಿಲ್ಲ. ಅತ್ತೆಗೆ ಬೆನ್ನುನೋವು. ಅದೊಂದು ಹಾಗೇ ಉಳಿಯಿತು. ಉಳಿದ ಕಲ್ಲುಗಳೆಲ್ಲ ಬೆಳ್ಳಗೆ ಹೊಳೆಯುತ್ತ ತೊಟ್ಟಿ ಸೇರಿದವು.

ಕೇದಾರ ಊರಿಂದ ಬಂದವನು ಬ್ಯಾಗು ಹೆಗಲಲ್ಲಿಟ್ಟುಕೊಂಡೇ ತೊಟ್ಟಿಯ ಮುಂದೆ ನಿಂತುಬಿಟ್ಟ.

"ಯಾರು... ಯಾರು ತೊಳದ್ರಿದನ್ನ?"

"ನಾನಾ!" ಮಯೂರಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನಕ್ಕಳು. "ಹೆಂಗ ಕಾಣ್ತದ ಹೇಳ್ರಿ?"

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ.

"ಛಲೋ ಆಗೇದ" ಎಂದ.

ಅಂದಿನಿಂದ ದಿನವೂ ಬಕೆಟ್ಟುಗಟ್ಟಲೆ ನೀರು ಬದಲಿಸತೊಡಗಿದ. ಯಾಕೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

*

ಸಂಜೆಯ ಆ ಆಟ ನಿಂತುಹೋಯಿತು.

ಮೊದಲು ಗಂಡು ಹೆಣ್ಣಿನ ಹತ್ತಿರ ಬರುವುದು ಬಿಟ್ಟಿತು. ಆಮೇಲೆ ಅಟ್ಟಿಸಿಕೊಂಡು ಹೋಗತೊಡಗಿತು. ಹೆಣ್ಣು ಕಲ್ಲಿಗೆ ಬಾಯಿ ಹಾಕಿದರೆ ಸಾಕು, ಬೆನ್ನಿನ ಕಡ್ಡಿ ನಿಗುರಿಸಿಕೊಂಡು ನುಗ್ಗಿ ಕಚ್ಚುತ್ತಿತ್ತು. ಹೆಣ್ಣಿನ ಬಾಲ ಹರಿಯಿತು. ಪಕ್ಕದ ರೆಕ್ಕೆ ಚೂರುಚೂರಾಯಿತು. ಹಾಗೆಂದು ಅದೇನು ಸುಮ್ಮನಿತ್ತೆ? ಒಂದೊಂದು ಸಲ ತಿರುಗಿ ಬಿದ್ದು ಅದೂ ಕಚ್ಚುತ್ತಿತ್ತು.

"ಯಾಕ್ರೀ ಹಿಂಗ ಮಾಡ್ಲಿಕ್ಕೆ ಹತ್ತೇದ ಅದು?"

"ಆಗ್ತದ ಒಮ್ಮೊಮ್ಮೆ."

"ಏನಾಗ್ತದ? ಕೊಲ್ಲತದ ಅದು ಆಕೀನ್ನ! ಮದಲ ಜೋಡಿ ಜೋಡಿ ಅಡ್ಡಾಡಿ ಈಗ ಹಿಂಗ... ಸಾಯಲಿ ಆ ಗಂಡು! ಬ್ಯಾರೆ ಮಾಡ್ರಿ ಅವನ್ನ!"

ಅವಳ ಕಣ್ಣಲ್ಲಿ ನೀರು. ಬೈದದ್ದು ಮೀನನ್ನೋ, ಗಂಡನನ್ನೋ, ಅವಳಿಗೇ ಗೊತ್ತಿರಲಿಲ್ಲ.

ಕೇದಾರ ಮೆಲ್ಲಗೆ ಕೇಳಿದ.

"ನೀ ಯಾರ ಕಡೆ?"

"ಕೇಳೂದೇನದ? ಆಕೀ ಕಡೆ!"

ಮರುದಿನ ಅವಳು ಏಳುವಷ್ಟರಲ್ಲಿ ತೊಟ್ಟಿಯೊಳಗೆ ತೂತುಗಳಿದ್ದ ಪ್ಲಾಸ್ಟಿಕ್ಕಿನ ಅಡ್ಡಗೋಡೆ ಎದ್ದಿತ್ತು. ಆ ಕಡೆ ವಿಶಾಲ ಜಾಗ, ಹೊಳೆಯುವ ಕಲ್ಲುಗಳೆಲ್ಲ, ಗಂಡು. ಈ ಕಡೆ ಇಕ್ಕಟ್ಟಿನ ಮೂಲೆ, ತೊಳೆಯದೆ ಉಳಿದ ಪಾಚಿಗಟ್ಟಿದ ದೊಡ್ಡ ಕಲ್ಲು, ಹರಕು ಬಾಲದ ಹೆಣ್ಣು.

ಮಯೂರಿ ಬಗ್ಗಿ ನೋಡಿದಳು. 'ಕಡದಾವಗ ಅರಮನಿ, ಕಡಸಿಕೊಂಡಾಕಿಗೆ ಮೂಲಿ!'

ಅದೇ ಸಂಜೆ ಊಟಕ್ಕೆ ಕೂತಾಗ ಕೇದಾರ ತಟ್ಟೆ ನೋಡುತ್ತ ಹೇಳಿದ.

"ಜೂನ್‌ದಿಂದ ಹುನಗುಂದದಾಗ ಒಂದು ಬಾಡಗಿ ಖೋಲಿ ಹಿಡದ್ರ ಹೆಂಗ? ದಿನಾ ಬಸ್ಸಿನ್ಯಾಗ ಅಡ್ಡಾಡೂದು ತಪ್ಪತದ ನಿನಗ..."

ಮಯೂರಿಯ ಕಣ್ಣು ತಾನಾಗಿ ತೊಟ್ಟಿಯ ಆ ಮೂಲೆಗೆ ಹೋಯಿತು.

"ಅತ್ಯಾ ಹೇಳಿದ್ರೇನು?"

"ಇಲ್ಲ, ನಾನ ವಿಚಾರ ಮಾಡಿ..."

ಅವಳು ಮುಂದಿನದನ್ನು ಕೇಳಲಿಲ್ಲ. ಕೈತೊಳೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಅವನ ಹೆಜ್ಜೆ ಬಾಗಿಲವರೆಗೆ ಬಂದದ್ದು ಕೇಳಿಸಿತು. ಬಡಿಯುತ್ತಾನೆಂದು ಕಾದಳು. ಹೆಜ್ಜೆ ಹಿಂದಿರುಗಿತು.

ಬೇಸಿಗೆ ರಜೆಗೆಂದು ಬಾದಾಮಿಗೆ ಹೋದ ಮಯೂರಿ ಬಾಗಲಕೋಟೆಗೆ ತಿರುಗಿ ಬರಲಿಲ್ಲ. ಜೂನ್‌ನಲ್ಲಿ ಸಾಲಿ ಶುರುವಾದಾಗ ನೆಟ್ಟಗೆ ಹುನಗುಂದಕ್ಕೆ ಹೋಗಿ ಒಬ್ಬಳೇ ಖೋಲಿ ಹಿಡಿದಳು. ಅವನು ಫೋನ್ ಮಾಡುತ್ತಿದ್ದ. ಊಟ ಆತೇನು? ಆತು. ಬರಬರುತ್ತ ಅವಳು ಫೋನ್ ಎತ್ತುವುದನ್ನೇ ಬಿಟ್ಟಳು.

*

ಜೂನ್ ಕೊನೆಯ ಒಂದು ರವಿವಾರ. ಮಯೂರಿ ಅಪ್ಪನ ಜೊತೆ ಬಾಡಿಗೆ ಕಾರಿನಲ್ಲಿ ನವನಗರಕ್ಕೆ ಬಂದಳು. ಅವಳ ಸೀರೆಗಳು, ಹೊಲಿಗೆ ಮಷಿನ್ನು ಆ ಮನೆಯಲ್ಲಿದ್ದವು. ಅವನ್ನು ಒಯ್ದರೆ ಮುಗಿಯಿತು, ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ. ಅಪ್ಪನಿಗೆ ಹಾಗೆಂದು ಹೇಳಿಯೇ ಕರೆತಂದಿದ್ದಳು.

"ನಾ ಇಲ್ಲೇ ಕೂಡ್ತೇನವಾ" ಎಂದರು ಸತ್ಯಬೋಧ ಮಾಸ್ತರರು ಕಾರಿನಲ್ಲೇ. "ಒಳಗ ಬಂದ್ರ ನನಗೇನು ಮಾತಾಡಬೇಕು ತಿಳಿಯೂದಿಲ್ಲ."

ಬಾಗಿಲು ತೆರೆದವರು ತುಳಸೀಬಾಯಿ.

"ಬಂದೇನವಾ..." ಎಂದರು. ಬೈಗುಳಕ್ಕೆ ತಯಾರಾಗಿ ಬಂದಿದ್ದ ಮಯೂರಿ ಆ ಮೆತ್ತನೆಯ ದನಿ ಕೇಳಿ ಚಪ್ಪಲಿ ಬಿಟ್ಟು ಒಳಗೆ ಬಂದಳು.

ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಉಪ್ಪಿನಕಾಯಿಯ ಗಾಜಿನ ಬರಣಿಗಳು. ಬಾಯಿಗೆ ತೆಳು ಅರಿವೆ ಕಟ್ಟಿತ್ತು. ಒಳಗೆ ಹಸಿರು ನೀರು.

"ಇದೇನ್ರಿ ಅತ್ಯಾ?"

"ಹುಳಾ."

ಮಯೂರಿ ದಂಗಾದಳು. ಮಡಿ ಮಡಿ ಎಂದು ಸೊಸೆಗೇ ಮುಟ್ಟಗೊಡದಿದ್ದ ಬರಣಿಗಳವು!

"ಆ ನಿನ್ನ ಜೋಡಿ ಮೀನಿಗೆ ಇದ ಊಟ ಅಂತವಾ" ತುಳಸೀಬಾಯಿ ಬರಣಿಯ ಅರಿವೆ ಸರಿಮಾಡುತ್ತ ಹೇಳಿದರು. "ಬ್ಯಾರೆ ಏನೂ ತಿನ್ನೂದಿಲ್ಲಂತ. ಆ ಕಲ್ಲಿನ ಪಾಚ್ಯಾಗ ಇವು ಇದ್ವಂತ. ನಾ ಹುಳಾ ಅಂದೆ, ನೀ ತೊಳದಿ. ಅವುಗಳ ಬಾಯಾಗಿನ ತುತ್ತು ನಾವ ತೊಳದ ಚೆಲ್ಲಿದ್ವಿ. ನನಗೂ ಮೊನ್ನೆ ಮೊನ್ನೆ ಹೇಳಿದ. ಇನ್ನೂ ಏನೇನೋ ಅಂದೇನಿ ನಾ ನಿನಗ, ದವಾಖಾನ್ಯಾಗ... ನಾಲಿಗಿಗೆ ಎಲುಬಿರಲಿಲ್ಲ."

ಅಷ್ಟು ಹೇಳಿ ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಗೆ ಹೋಗಿಬಿಟ್ಟರು.

ಮಯೂರಿ ತೊಟ್ಟಿಯ ಕಡೆ ಓಡಿದಳು. ಅಡ್ಡಗೋಡೆ ಇರಲಿಲ್ಲ. ಆ ಜೋಡಿಯಲ್ಲಿ ಒಂದೇ ಮೀನು ಮೂಲೆಯ ದೊಡ್ಡ ಕಲ್ಲಿಗೆ ಅಂಟಿಕೊಂಡು ಕೂತಿತ್ತು. ಬೆನ್ನ ಮೇಲೆ ಕಡ್ಡಿ ಇರಲಿಲ್ಲ. ಹರಿದಿದ್ದ ಬಾಲ ಮತ್ತೆ ಬೆಳೆದಿತ್ತು.

"ಗಂಡು ಎಲ್ಲಿ?"

"ಮೇ ತಿಂಗಳದಾಗ ಹೋತು."

ಕೇದಾರ ಹಿಂದೆ ನಿಂತಿದ್ದ. ಗಡ್ಡ ಬಿಟ್ಟಿದ್ದ, ಸೊರಗಿದ್ದ.

"ಹಸದಿತ್ತು ಅದು" ಎಂದ. "ಅದಕ್ಕ ಕಡೀತಿತ್ತು. ಕಲ್ಲು ತೊಳದ ಮ್ಯಾಲ ನೀರೂ ಕೆಡ್ಲಿಕ್ಕೆ ಹತ್ತಿತ್ತು, ದಿನಾ ಬದಲಿಸಿದೆ. ಇಬ್ಬರಿಗೂ ಸಾಲೂವಷ್ಟು ಇರಲಿಲ್ಲ. ಬೆಂಗಳೂರಿಂದ ಒಂದು ಬಾಟಲಿ ಹುಳಾ ತರಿಸಿದೆ, ಬಿಸಲಿಗೆ ಹಾದ್ಯಾಗ ಸತ್ತು ಬಂದ್ವು. ಬರಣ್ಯಾಗ ಬೆಳಸೂದು ಕಲಿಯೂದ್ರೊಳಗ ತಡಾ ಆತು. ತಿನ್ನಾಕ ಇದ್ದದ್ದು ನೀ ಎತ್ತಲಾರದ ಬಿಟ್ಟ ಆ ಒಂದು ಕಲ್ಲಿನ್ಯಾಗ ಅಷ್ಟ. ಯಾರಿಗರ ಒಬ್ಬರಿಗೆ ಕೊಡಬೇಕಾಗಿತ್ತು... ನೀ ಆಕೀ ಕಡೆ ಅಂದಿದ್ದಿ."

ಮಯೂರಿ ತೊಟ್ಟಿಯ ಕಡೆ ತಿರುಗಿ ನೋಡಿದಳು. ಆ ಕೊಳಕು ಮೂಲೆ! ಅದರಲ್ಲಿ ಮಾತ್ರ ಅನ್ನವಿತ್ತು. ಅರಮನೆ ಎಂದು ಅವಳು ಹೊಟ್ಟೆ ಉರಿಸಿಕೊಂಡದ್ದು ಬರಿಯ ತೊಳೆದ ಕಲ್ಲು. ಆ ಗಂಡು ಅದರ ನಡುವೆ ಉಪವಾಸ ಸತ್ತಿತ್ತು. ಸಾಯಲಿ ಎಂದವಳೂ ಅವಳೇ...

"ನಾ ಕೊಂದೆ ಅದನ್ನ..."

"ಹಿಂಗ ಅಂತಿ ಅಂತನ ಹೇಳಲಿಲ್ಲ ಮಯೂರಿ! ಡಿಸೆಂಬರದಿಂದ ಎಲ್ಲಾ ನಿನ್ನ ಮ್ಯಾಲ ಹಾಕ್ಕೊಂಡು ಕೂತಿದ್ದಿ. ಅವತ್ತ ಮದಲನೇ ಸಲ ಬಾಯಿ ತುಂಬ ನಕ್ಕಿದ್ದಿ. ಹೆಂಗ ಹೇಳ್ಲಿ?"

ಅವಳು ಗರ್ರನೆ ತಿರುಗಿದಳು. ದುಃಖಕ್ಕಿಂತ ಸಿಟ್ಟೇ ಮೊದಲು ಬಂತು.

"ಹೇಳಲಾರದ್ದಕ್ಕ ನಾ ಏನೇನು ಮೈಮ್ಯಾಲ ಹಾಕ್ಕೊಂಡೆ ಗೊತ್ತದೇನು ನಿಮಗ? ಕೂಸು ಕಳದಾಕಿ ಅಂತ ಮಾರಿ ನೋಡವಲ್ರು ಅನಕೊಂಡೆ. ನನ್ನ ಮೂಲಿಗೆ ತಳ್ಳಿದ್ರು ಅನಕೊಂಡೆ. ಖೋಲಿ ಹಿಡಕೊಂಡು ಹೋಗಂದ್ರಿ!"

"ಹೋಗು ಅನಲಿಲ್ಲ... ಇಬ್ಬರೂ ಹೋಗೂಣು ಅನ್ನಾಂವಿದ್ದೆ. ಕಾಲೇಜಿಗೆ ಅಲ್ಲಿಂದ ನಾ ಅಡ್ಡಾಡ್ತಿದ್ದೆ. ನೀ ಎದ್ದು ಒಳಗ ಹೋದಿ."

"ಒಳಗ ಹೋದ್ರ ಬಾಗಲಾ ಬಡೀಬೇಕು! ಬಾಯಿಲ್ಲಂದ್ರ ಕೈ ಇರಲಿಲ್ಲೇನು? ನಾ ಒಳಗ ಕಾದುಕೋತ ಕೂತಿದ್ದೆ!"

ಕೇದಾರ ಅವಳ ಹತ್ತಿರ ಬಂದ.

"ನಂದೂ ಕೂಸು ಹೋಗಿತ್ತು, ಮಯೂರಿ."

ಆರು ತಿಂಗಳು ಅವಳು ಕಾದಿದ್ದ ಮಾತು! ಒಂದು ಸಲ, ಒಂದೇ ಸಲ ಆ ದವಾಖಾನೆಯಲ್ಲಿ ಹೇಳಿದ್ದರೆ... ಮಯೂರಿ ಅವನ ಎದೆಗೆ ಎರಡೂ ಕೈಯಿಂದ ಬಡಿದಳು. ಬಡಿಯುತ್ತ ಬಡಿಯುತ್ತ ಅಲ್ಲೇ ಮುಖ ಇಟ್ಟು ಅತ್ತಳು. ಅವನೂ ಅತ್ತ.

"ಬಿಟ್ಟು ಹೋಗಬ್ಯಾಡ" ಎಂದ. "ನೀ ಬೇಕು ನನಗ. ಭಾಳ ಬೇಕು."

ಹೊರಗೆ ಕಾರಿನ ಹಾರ್ನ್ ಕೇಳಿತು. ಮಯೂರಿ ಮುಖ ಒರೆಸಿಕೊಂಡು ಬಾಗಿಲಿಗೆ ಹೋದಳು.

"ಮಷಿನ್ ಎತ್ತಲಿಕ್ಕೆ ನಾ ಬರ್ಲೇನವಾ?" ಅಪ್ಪ ಕಾರಿನ ಕಿಟಕಿಯಿಂದ ಕೇಳಿದರು.

"ಬ್ಯಾಡಪ್ಪಾ. ಇರಲಿ ಅದು ಇಲ್ಲೇ. ನೀವು ಹೋಗ್ರಿ... ನಾ ನಾಳೆ ಇಲ್ಲಿಂದನ ಸಾಲಿಗೆ ಹೋಗ್ತೇನಿ."

ಮಾಸ್ತರರು ಮಗಳ ಕೆಂಪು ಕಣ್ಣು ನೋಡಿದರು. ಏನೂ ಕೇಳದೆ ಡ್ರೈವರನಿಗೆ ಹೊರಡು ಎಂದರು.

ದೀಪ ಹಚ್ಚುವ ಹೊತ್ತಾಗಿತ್ತು. ಇಬ್ಬರೂ ತೊಟ್ಟಿಯ ಮುಂದೆ ನೆಲದ ಮೇಲೆ ಕೂತರು, ನಡುವೆ ಒಂದು ಮೊಳ ಜಾಗ ಬಿಟ್ಟು. ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾದೀತು. ಮಯೂರಿಯ ಎದೆಯಲ್ಲಿ ಇನ್ನೂ ಕಹಿ ಇತ್ತು.

ಹೆಣ್ಣು ಮೀನು ದೊಡ್ಡ ಕಲ್ಲಿನಿಂದ ಹೊರಬಂತು. ಒಂಟಿಯಾಗಿ ಮೆಲ್ಲಗೆ ಮೇಲೇರಿತು. ಅರ್ಧದಲ್ಲಿ ನಿಂತು, ಪಕ್ಕದಲ್ಲಿ ಯಾರಾದರೂ ಬರುತ್ತಾರೇನೋ ಎಂಬಂತೆ ಕಾದು, ಮತ್ತೆ ಕಲ್ಲಿಗೇ ಇಳಿಯಿತು.

"ದಿನಾ ಹಿಂಗ ಮಾಡ್ತದೇನು?" ಮಯೂರಿ ಕೇಳಿದಳು.

"ದಿನಾ."

"ಇನ್ನೊಂದು ಗಂಡು ತರಸ್ತೀರೇನು?"

"ಈಗ ಬ್ಯಾಡ. ತಂದ್ರ ಮತ್ತ ಕಡದಾಡ್ತಾವ. ಮದಲ ಕಲ್ಲೆಲ್ಲಾ ತುಂಬಬೇಕು."

"ಎಷ್ಟು ದಿನ ಬೇಕು?"

"ಭಾಳ ದಿನ ಬೇಕು." ಅವನು ನೆಲ ನೋಡುತ್ತಿದ್ದವನು ತಲೆ ಎತ್ತಿದ. "ಅಲ್ಲೀ ಮಟಾ ಇರ್ತೀಯೇನು?"

"ದಿನಾ ಮಾತಾಡ್ತೀರೇನು? ಊಟ ಆತೇನು ಅನ್ನೂದಲ್ಲ. ಖರೆ ಮಾತು."

"ಮಾತಾಡ್ತೇನಿ. ಬೈದ್ರೂ ಮಾತಾಡ್ತೇನಿ."

ಮಯೂರಿ ನಡುವಿನ ಜಾಗದಲ್ಲಿ ತನ್ನ ಕೈ ಇಟ್ಟಳು.

"ಹಂಗಾರ ಶುರು ಮಾಡ್ರಿ" ಎಂದಳು. "ಕೂಸಿಗೆ ಏನು ಹೆಸರು ಇಡೂದಿತ್ತು ನಿಮ್ಮ ಮನಸಿನ್ಯಾಗ?"

ಕೇದಾರ ಆ ಕೈ ಹಿಡಿದುಕೊಂಡು ಮೆಲ್ಲಗೆ ಹೇಳತೊಡಗಿದ.